ಹೊಳೆದಂಡೆಯ ಸಬ್ಬಸಿಗೆ

ಮೊನ್ನೆ ಪುಣೆಯ ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಕಾಲು ಮುಂದೆ ಹೋಗಲಿಲ್ಲ. ಯಾವ ಊರಿನದು, ಯಾವ ನೀರಿನದು, ಹತ್ತಿರ ಕಾರ್ಖಾನೆ ಇದೆಯೋ ಎಂದೆಲ್ಲ ಕೇಳತೊಡಗಿದೆ. ಮಾರುವವನು ತಾಳ್ಮೆಗೆಟ್ಟು, ತಾಯೀ, ಸೊಪ್ಪು ಕೊಳ್ಳುತ್ತೀರೋ ಬೀಗತನ ಮಾಡುತ್ತೀರೋ ಎಂದು ಮರಾಠಿಯಲ್ಲಿ ಗದರಿಕೊಂಡ. ಇಂದಾಪುರದ ಕಡೆಯದಂತೆ, ಬಾವಿನೀರಿನದಂತೆ. ನಾಚಿಕೆಯಾಗಿ ಎರಡು ಕಟ್ಟು ಚೀಲಕ್ಕೆ ಹಾಕಿಕೊಂಡೆ. ನಮ್ಮ ಮನೆಗೆ ಸಬ್ಬಸಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು.

ತವರಿನಲ್ಲಿ ಆಗಬೇಕಿದ್ದ ನನ್ನ ಬಾಣಂತನ, ಅವ್ವ ತೀರಿಕೊಂಡಿದ್ದರಿಂದ, ಇಲ್ಲಿ ಪುಣೆಯಲ್ಲಿ ಅತ್ತೆಯ ಕೈಯಲ್ಲೇ ಆಯಿತು. ಸಬ್ಬಸಿಗೆ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬುದು ನಮ್ಮ ಧಾರವಾಡದ ಕಡೆ ಯಾರೂ ಪ್ರಶ್ನಿಸದ ಮಾತು. ಅತ್ತೆಯದು ಅದರ ಮೇಲೆ ಇನ್ನೊಂದು ಹಟ. ಅವರ ತವರು ಮಲಪ್ರಭೆಯ ದಂಡೆಯ ಹಳ್ಳಿ. ಹೊಳೆನೀರಿನ ಸೊಪ್ಪಿಗೆ ಸಮ ಯಾವುದೂ ಇಲ್ಲ ಎನ್ನುವವರು. ಹಾಗಾಗಿ ಬಾಜಾರದ ಸೊಪ್ಪನ್ನು ಮೂಸಿಯೂ ನೋಡದೆ, ದಿನಾ ಬೆಳಗ್ಗೆ ಸೇತುವೆ ದಾಟಿ ನದಿದಂಡೆಯ ಮಡಿಗಳಿಂದ ಕಿತ್ತು ತರಿಸುತ್ತಿದ್ದರು. ನಮ್ಮ ಪುಣೆಯ ನದಿಯನ್ನು ನೀವು ನೋಡಿದ್ದೀರಲ್ಲ, ಮೂಗು ಮುಚ್ಚಿಕೊಂಡೇ ದಾಟಬೇಕು. ಅತ್ತೆಗೆ ಮಾತ್ರ ಹೊಳೆ ಅಂದರೆ ಹೊಳೆಯೇ.

"ಹೊಳಿದಂಡಿ ತಪ್ಪಲಪಲ್ಯಾ ಅಂದ್ರ ಅಮೃತ ಇದ್ದಂಗವಾ. ಮಾರಿ ಸೊಟ್ಟ ಮಾಡಬ್ಯಾಡ, ಉಣ್ಣು."

ಉಂಡೆ. ಪಲ್ಯ, ಬೇಳೆಯೊಳಗೆ, ರೊಟ್ಟಿಯೊಳಗೆ, ಎಲ್ಲದರಲ್ಲೂ ಅದೇ. ಕನಸಿನಲ್ಲೂ ಸಬ್ಬಸಿಗೆ ನಾರುತ್ತಿತ್ತು. ಕೂಸು ಅನ್ನ ತಿನ್ನತೊಡಗಿದ ಮೇಲೆ ಅದಕ್ಕೂ ಅದೇ ದಂಡೆಯ ಪಾಲಕ, ಮೆಂತ್ಯೆ ಬೇಯಿಸಿ ನುಣ್ಣಗೆ ಹಿಸುಕಿ, ಅತ್ತೆಯೇ ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸುವರು. ಕೊಟ್ಟಿದ್ದನ್ನೆಲ್ಲ ಬೇಡವೆನ್ನದೆ ತಿಂದ ಮಗು ಅದು.

ಆದರೂ ಮೈ ಹತ್ತಲಿಲ್ಲ. ಕೂಸು ಬಿಳಿಚಿಕೊಂಡು ಮಂಕಾಗಿ ಕೂರುವುದು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ರಕ್ತ ಕಡಿಮೆ ಇರುವುದಷ್ಟೇ ಅಲ್ಲ, ಅದರಲ್ಲಿ ಸೀಸವೂ ಸೇರಿದೆ ಎಂದರು. ಕಾಡಿಗೆ ಹಚ್ಚುತ್ತೀರಾ? ಗೋಡೆಯ ಬಣ್ಣ ಉದುರುತ್ತದೆಯೇ? ಎಲ್ಲಕ್ಕೂ ಇಲ್ಲವೆಂದೆವು. ಕಾಯಿಪಲ್ಲೆ ಎಲ್ಲಿಯದು ಎಂದಾಗ ಅತ್ತೆ ಅಭಿಮಾನದಿಂದ ಹೇಳಿದರು, ಹೊಳೆದಂಡೆಯದು. ಸೊಪ್ಪಿನಿಂದಲೇ ಬಂತೆಂದು ಖಚಿತವಾಗಿ ಹೇಳಲಾಗದು, ಆದರೆ ಇಂದೇ ನಿಲ್ಲಿಸಿ ಎಂದರು ಡಾಕ್ಟರಮ್ಮ. ಕಾರ್ಖಾನೆ, ಗಟಾರಗಳ ನೀರಿನೊಂದಿಗೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ನದಿಗೆ, ನದಿಯಿಂದ ಮಣ್ಣಿಗೆ, ಮಣ್ಣಿನಿಂದ ಎಲೆಗೆ ಬರುತ್ತವಂತೆ. ದೊಡ್ಡವರಿಗೆ ಮೂತ್ರಪಿಂಡ ಕೆಡಬಹುದು. ಎಳೆಯ ಮಕ್ಕಳಲ್ಲಿ ಸೀಸ ಮಿದುಳಿನ ಬೆಳವಣಿಗೆಗೇ ಅಡ್ಡ ಬರುತ್ತದೆ, ಸದ್ದಿಲ್ಲದೆ.

"ಉಪ್ಪುನೀರಾಗ ತೊಳದಽ ಹಾಕ್ತೀನಲ್ರಿ!" ಅತ್ತೆಗೆ ಗಾಬರಿಯಲ್ಲಿ ಮರಾಠಿಯೇ ಮರೆತುಹೋಗಿತ್ತು. ನಾನು ಅನುವಾದಿಸಿದೆ. ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಗಿಡ ಕುಡಿದದ್ದು ಹೋಗುವುದಿಲ್ಲ ಎಂದರು ಡಾಕ್ಟರಮ್ಮ. ಅದನ್ನೂ ನಾನೇ ಕನ್ನಡಕ್ಕೆ ತರಬೇಕಾಯಿತು.

ಮನೆಗೆ ಬಂದ ಅತ್ತೆ ಕೂಸನ್ನು ಮುಟ್ಟಲಿಲ್ಲ. "ಕೈಯಾರೆ ವಿಷಾ ಉಣಿಸಿದೆನಲ್ಲವಾ," ಎಂದು ಅತ್ತರು.

"ನಿಮಗೇನ್ ಗೊತ್ತಿತ್ರಿ ಅತ್ಯಾರ? ಅವ್ವ ಇಲ್ಲದಾಕಿಗೆ ಅವ್ವ ಆದವರು ನೀವು," ಎಂದೆ. ಅತ್ತೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಹೊಳೆಗೆ ಆ ನೀರು ಬಿಟ್ಟವರನ್ನು ನೆನೆದರೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೊಪ್ಪು ನಿಂತಿತು, ಔಷಧಿ ಬಂತು, ಮತ್ತೆ ಮತ್ತೆ ರಕ್ತ ತೆಗೆಸಿ ಕೂಸು ಅತ್ತಿತು, ಸೀಸ ಇಳಿಯಿತು. ಮಗಳೀಗ ಶಾಲೆಗೆ ಹೋಗುವ ವಾಚಾಳಿ. ಆದರೂ ಅವಳು ಒಂದು ಲೆಕ್ಕ ತಪ್ಪು ಮಾಡಿದರೆ ಸಾಕು, ಅತ್ತೆಯ ಮುಖ ಬಾಡುತ್ತದೆ. ಎಲ್ಲ ಮಕ್ಕಳೂ ತಪ್ಪುತ್ತಾರೆ ಎಂದರೆ ಕೇಳುವವರಲ್ಲ. ಹಾಗೆ ನೋಡಿದರೆ ನನ್ನ ಲೆಕ್ಕ ಅವಳದಕ್ಕಿಂತ ಕಡೆ, ನಾನು ಯಾವ ಸೀಸ ತಿಂದಿದ್ದೆನೋ!

ಮೊನ್ನೆ ತಂದ ಸಬ್ಬಸಿಗೆಯನ್ನು ನಾನೇ ಬೇಯಿಸಿದೆ. ಮನೆಯವರೆಲ್ಲ ಉಂಡೆದ್ದ ಮೇಲೆಯೇ ಉಣ್ಣುವ ಅತ್ತೆ, ಅಂದು ಮೊಮ್ಮಗಳ ಕೈ ತಡೆದು, ತಾವೇ ಮೊದಲು ತಟ್ಟೆ ಎಳೆದುಕೊಂಡು ಒಂದು ತುತ್ತು ತಿಂದರು.

"ಅತ್ಯಾರ, ಹಂಗ ತಿಂದ ಕೂಡ್ಲೆ ಗೊತ್ತಾಗೂದಲ್ರಿ ಅದು."

"ಗೊತ್ತದವಾ. ವಿಷಾ ಇದ್ರ, ಈ ಸಲ ಮೊದಲ ನನ್ನ ಹೊಟ್ಟಿಗೆ ಹೋಗ್ಲಿ."

ಎಂಜಲು, ಮುಸುರೆ ಎಂದು ಜೀವನವಿಡೀ ನೋಡಿಕೊಂಡು ಬಂದವರು ಅವರು. ನಾನು ಕೇಳದೆ, ಅವರ ತಟ್ಟೆಗೇ ಕೈಹಾಕಿ ಎರಡನೆಯ ತುತ್ತು ತಿಂದೆ. ಅತ್ತೆ ಬೈಯಲಿಲ್ಲ. ತಟ್ಟೆಯನ್ನು ನನ್ನ ಕಡೆ ಸರಿಸಿದರು.