ಮಿಸ್ ಬೈಲಪ್ಪನ ಹಡಗು ಪ್ರಯಾಣ

ಬಾಣಸವಾಡಿಯ ಆಂಜನಮ್ಮ ಒಬ್ಬಳೇ ಹಡಗು ಹತ್ತಿ ಮೆಡಿಟರೇನಿಯನ್ ಸಮುದ್ರ ಸುತ್ತಲು ಹೊರಟದ್ದಕ್ಕೆ ಮೊದಲ ಕಾರಣ ಹಠ. ಸೊಸೆ ಹಂಸ ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹಡಗಿನ ವಿಡಿಯೋ ತೋರಿಸಿದಳು. ಮಹಡಿಯ ಮೇಲೆ ಮಹಡಿ, ಒಳಗೊಂದು ಈಜುಕೊಳ, ಹೊರಗೆಲ್ಲ ನೀಲಿ ನೀರು, ಬೆಳಗಾದರೆ ಒಂದು ಹೊಸ ಊರು. ಆಂಜನಮ್ಮ ಆಸೆಯಿಂದ ಗಂಡನ ಮುಖ ನೋಡಿದಳು. ಆತ ಮುದ್ದೆ ಮುರಿಯುತ್ತಾ ತಲೆ ಎತ್ತದೆ ಹೇಳಿದ: "ನೀರ್ ಮ್ಯಾಲೆ ಮಲಗಾಕೆ ನಾನೇನ್ ಬಾತುಕೋಳೀನಾ? ನಾನ್ ಬರಾಕಿಲ್ಲ."

"ಹಂಗಾದ್ರೆ ನಾನೊಬ್ಳೇ ಹೋಗ್ಬತ್ತೀನಿ," ಅಂದುಬಿಟ್ಟಳು ಆಂಜನಮ್ಮ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಮನಸ್ಸು ಬದಲಿಸುವಷ್ಟರಲ್ಲಿ ಮಗ ಮುನಿರಾಜ ಟಿಕೆಟ್ ಮಾಡಿಸಿಯಾಗಿತ್ತು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿದ್ದವು, ಹಾಗಾಗಿ ದುಡ್ಡಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಆಂಜನಮ್ಮನ ಎದೆಯಲ್ಲಿ. ಕಮ್ಮನಹಳ್ಳಿಗೆ ತರಕಾರಿಗೆ ಹೋದರೂ ಜೊತೆಗೊಬ್ಬರು ಬೇಕು ಅನ್ನುವ ಹೆಂಗಸು ಆಕೆ.

ಆದರೆ ವೀಸಾ ಕಚೇರಿಯಲ್ಲಿ ಒಂದು ಸಂಗತಿ ನಡೆಯಿತು. ಕೌಂಟರಿನ ಹುಡುಗಿ "ಆಂಜನಮ್ಮ" ಎಂದು ಕೂಗಿದಳು. ಯಾರಪ್ಪಾ ಈ ಆಂಜನಮ್ಮ, ಎದ್ದು ಹೋಗಬಾರದೇ ಎಂದು ಆಕೆ ಅತ್ತಿತ್ತ ನೋಡಿದಳು. ಇನ್ನೊಂದು ಸಲ ಕೂಗಿದಾಗ ಹೊಳೆಯಿತು. ಅದು ತಾನೇ. ಮುನಿರಾಜನಿಗೆ ಅಮ್ಮ, ಹಂಸಳಿಗೆ ಅತ್ತೆ, ಬಾಡಿಗೆಗಿದ್ದ ರಾಯಚೂರು ಕಡೆಯವರಿಗೆಲ್ಲ ಓನರಮ್ಮ, ಗಂಡನಿಗೆ "ಏ ಇವ್ಳೆ". ಹೀಗಾಗಿ ಸ್ವಂತ ಹೆಸರು ಮದುವೆಯಾದಾಗಿನಿಂದ ಹಳೆ ಪಾತ್ರೆಯ ಹಾಗೆ ಅಟ್ಟ ಸೇರಿತ್ತು. ಅವತ್ತು ಯಾರೋ ಅದನ್ನು ಇಳಿಸಿ ತೊಳೆದು ಕೈಗೆ ಕೊಟ್ಟಂತಾಯಿತು. ಹಡಗಿನಲ್ಲಿ ಅಮ್ಮ, ಅತ್ತೆ, ಓನರಮ್ಮ ಅನ್ನುವವರು ಯಾರೂ ಇರುವುದಿಲ್ಲ, ಇರುವಷ್ಟು ದಿನವೂ ತಾನು ಆಂಜನಮ್ಮನೇ. ಅದೊಂದು ಸಿಕ್ಕರೆ ಸಾಕು, ಸಮುದ್ರ ಹೇಗಾದರೂ ಇರಲಿ ಅನ್ನಿಸಿತು.

ಹಳೆಯ ಗೆಳತಿ, ಶಿವಾಜಿನಗರದ ಟೈಲರ್ ಶಕೀಲಾ ರವಿಕೆಗಳಿಗೆ ಒಳಜೇಬು ಹೊಲಿದುಕೊಟ್ಟಳು.

"ಪಾಸ್‌ಪೋರ್ಟ್ ಇದ್ರಲ್ಲೇ ಇಟ್ಕೋ. ನಿಮ್ ಯಜಮಾನ್ರು ಏನಂದ್ರು?"

"ಮುದ್ದೆ ಯಾರ್ ಮಾಡ್ತಾರೆ ಅಂದ್ರು."

"ನಮ್ ಮಾಹಿರಾ ಕೆ ಅಬ್ಬಾನೂ ಹಂಗೇ. ನಾನ್ ಸತ್ರೂ ಮೊದ್ಲು ಚಾಯ್ ಎಲ್ಲಿ ಅಂತಾರೆ," ಅಂದಳು ಶಕೀಲಾ, ದಾರ ಕಚ್ಚುತ್ತಾ. ಮಾಹಿರಾ ಅವಳ ಮಗಳು, ಅಬ್ಬಾ ಅಂದರೆ ಅಪ್ಪ.

ಇಬ್ಬರೂ ಸೇರಿದಾಗಲೆಲ್ಲ ಗಂಡಂದಿರನ್ನು ಮನಸಾರೆ ಬೈದವರೇ, ಹೆಸರು ಮಾತ್ರ ಒಬ್ಬಳೂ ಎತ್ತಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಆಂಜನಮ್ಮನಿಗೆ ಅಜ್ಜಿ ಹೇಳಿದ್ದಳು. ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡ ನಿಂತು ಹೆಸರು ಹೇಳಿಸುವ ಶಾಸ್ತ್ರದಲ್ಲೂ ಆಕೆ ಬರೀ ತುಟಿ ಅಲ್ಲಾಡಿಸಿ ಒಳಗೆ ದಾಟಿಕೊಂಡಿದ್ದಳು. ಕಥೆ ಹೇಳುವ ನಮಗೇನು, ನಾವು ಆತನ ಹೆಂಡತಿಯಲ್ಲ, ಧಾರಾಳವಾಗಿ ಹೇಳಬಹುದು. ಆತನ ಹೆಸರು ಬೈಲಪ್ಪ.

ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಮೊದಲ ಸಂಜೆ ಊಟಕ್ಕೆ ಹೋದಳು. ಬಾಗಿಲಲ್ಲಿ ಕಾರ್ಡು ತೋರಿಸಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಯಾರೋ "ಬೈಲಪ್ಪಾ" ಎಂದು ಕರೆದರು. ಆಂಜನಮ್ಮ ತಟ್ಟನೆ ಸೆರಗು ಸರಿಮಾಡಿಕೊಂಡು ತಿರುಗಿದಳು. ಗಂಡ ಮನಸ್ಸು ಬದಲಿಸಿ ಹೇಗೋ ಬಂದುಬಿಟ್ಟಿದ್ದಾನೆ ಅಂತಲೇ ಅಂದುಕೊಂಡಳು. ನಗುತ್ತಾ ನಿಂತಿದ್ದವನು ರೋಡೆಲ್ ಎಂಬ ಫಿಲಿಪೈನ್ಸಿನ ವೇಟರ್.

"ವೆಲ್‌ಕಮ್, ಮಿಸ್ ಬೈಲಪ್ಪ."

ಇದು ಮುನಿರಾಜನ ಕೆಲಸ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಮನೆತನದ ಹೆಸರು ಕೇಳಿದ ಕಡೆ ಅಪ್ಪನ ಹೆಸರು ಬರೆದು ಕೈತೊಳೆದುಕೊಂಡಿದ್ದ. ಹಡಗಿನವರು ಮರ್ಯಾದೆಯವರು, ಮನೆತನದ ಹೆಸರು ಹಿಡಿದೇ ಕರೆಯುತ್ತಿದ್ದರು. ಕೋಣೆ ಗುಡಿಸುವವಳಿಂದ ಹಿಡಿದು ಕಾಫಿ ಕೊಡುವವನವರೆಗೆ ಎಲ್ಲರ ಬಾಯಲ್ಲೂ ಮಿಸ್ ಬೈಲಪ್ಪ. ಆಂಜನಮ್ಮನ ಮೈ ಉರಿಯಿತು. ಬರುವುದಿಲ್ಲ ಎಂದು ಮನೆಯಲ್ಲಿ ಕೂತ ಮನುಷ್ಯ ಟಿಕೆಟ್ ಇಲ್ಲದೆ ಜೊತೆಗೇ ಬಂದಿದ್ದ.

ಸಮುದ್ರವೇನೋ ಚೆನ್ನಾಗಿಯೇ ಇತ್ತು. ಮಾರ್ಸೇಲಿನಲ್ಲಿ ಮೀನು ಮಾರುವ ಹೆಂಗಸರು ಶಿವಾಜಿನಗರದವರ ಹಾಗೇ ಕೂಗಾಡುವುದನ್ನು ನಿಂತು ನೋಡಿದಳು. ಜಿನೋವಾದ ಸಂದಿಗಳಲ್ಲಿ ಒಬ್ಬಳೇ ಸುತ್ತಿ, ದಾರಿ ತಪ್ಪಿ, ಮತ್ತೆ ತಾನೇ ದಾರಿ ಹಿಡಿದು ಬಂದಳು. ಹಂಸ ಕಟ್ಟಿಕೊಟ್ಟ ಚಟ್ನಿಪುಡಿ ಹಚ್ಚಿ ಅವರ ಬ್ರೆಡ್ಡು ತಿಂದಳು. ಇಷ್ಟು ದಿನ ಯಾಕೆ ಹೆದರಿದೆನೋ ಎಂದು ತನ್ನ ಮೇಲೆ ತನಗೇ ನಗು ಬಂತು. ಆದರೆ ಹಡಗಿಗೆ ವಾಪಸು ಕಾಲಿಟ್ಟರೆ ಮತ್ತದೇ ಮಿಸ್ ಬೈಲಪ್ಪ.

ಪಜೀತಿ ನೋಡಿ. ಬೈಲಪ್ಪ ನಾನಲ್ಲ, ನನ್ನ ಗಂಡ ಎಂದರೆ ಎಲ್ಲ ಸರಿಹೋಗುತ್ತದೆ. ಹಾಗೆ ಹೇಳಬೇಕಾದರೆ ಗಂಡನ ಹೆಸರು ಎತ್ತಬೇಕು. ಗಂಡನ ಮೇಲೆ ಸಿಟ್ಟು ಬೇಕಾದಷ್ಟಿತ್ತು, ಆಯಸ್ಸು ಕಡಿಮೆ ಮಾಡುವಷ್ಟು ಇರಲಿಲ್ಲ.

ರೋಡೆಲ್ ಬಳಿ ಸುತ್ತುಬಳಸಿ ಹೇಳಿ ನೋಡಿದಳು. "ಮೈ ನೇಮ್ ಆಂಜನಮ್ಮ. ದಟ್ ನೇಮ್, ಹಸ್ಬೆಂಡ್."

"ಓ, ಹಸ್ಬೆಂಡ್! ವಾಟ್ ಈಸ್ ಹಿಸ್ ನೇಮ್?"

"ದಟ್ ಓನ್ಲಿ."

"ವಿಚ್?"

"ಅಯ್ಯೋ, ಯೂ ಟೆಲ್ಲಿಂಗ್ ನಾ, ಡೈಲಿ ಡೈಲಿ. ದಟ್ ಓನ್ಲಿ ಹಸ್ಬೆಂಡ್."

ರೋಡೆಲ್‌ಗೆ ಅರ್ಥವಾದದ್ದು ಇಷ್ಟೇ, ಈಯಮ್ಮನಿಗೆ ಒಬ್ಬ ಗಂಡನಿದ್ದಾನೆ, ಅವನು ಹಡಗಿನಲ್ಲೇ ಎಲ್ಲೋ ಇದ್ದಾನೆ. ಮಾರನೆಯ ದಿನದಿಂದ ಆಕೆಯ ಮೇಜಿಗೆ ಎರಡು ತಟ್ಟೆ, ಎರಡು ಲೋಟ ಬಂದವು. ಎದುರಿನ ಖಾಲಿ ಕುರ್ಚಿ ನೋಡಿಕೊಂಡು ಆಂಜನಮ್ಮ ಅನ್ನ ನುಂಗಿದಳು. ಪಕ್ಕದ ಮೇಜಿನ ಮುದುಕಿಯೊಬ್ಬಳು, ಗಂಡ ತೀರಿಹೋದವಳೆಂದುಕೊಂಡು, ಕನಿಕರದಿಂದ ಕೈ ಸವರಿ ಹೋದಳು. ಆಂಜನಮ್ಮನಿಗೆ ಅಳುವೂ ಬಂತು, ನಗುವೂ ಬಂತು.

ನೇಪಲ್ಸ್ ತಲುಪುವ ದಿನ ಬೆಳಿಗ್ಗೆ, ಒಂಟಿಯಾಗಿ ಬಂದವರಿಗೆಲ್ಲ ಒಂದು ಕಾಫಿ ಕೂಟ. ನಡೆಸುತ್ತಿದ್ದ ಹುಡುಗಿ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು ಮೈಕು ಕೊಡುತ್ತಿದ್ದಳು. "ಫ್ರಮ್ ಇಂಡಿಯಾ, ಮಿಸ್ ಬೈಲಪ್ಪ!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ತಟ್ಟೆ ಹಿಡಿದಿದ್ದ ರೋಡೆಲ್ ಅದನ್ನು ಕೆಳಗಿಟ್ಟು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಆಂಜನಮ್ಮ ಮೈಕು ಹಿಡಿದು ನಿಂತಳು. ಪ್ರವಾಸ ಮುಗಿಯುತ್ತಾ ಬಂದಿದೆ. ಈಗ ಬಾಯಿ ಬಿಡದಿದ್ದರೆ ಇಷ್ಟು ದೂರ ಬಂದದ್ದೂ ಬೈಲಪ್ಪನ ಲೆಕ್ಕಕ್ಕೇ ಹೋಗುತ್ತದೆ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮನೆದೇವರಿಗೆ ಕೈ ಮುಗಿದಳು, ತಪ್ಪಾಯ್ತು, ಆತನನ್ನು ನೋಡ್ಕೋ ಅಂದಳು. ಆಮೇಲೆ ಸಭೆ ಅದುರುವಂತೆ ಹೇಳಿದಳು:

"ಐ ಆಮ್ ಆಂಜನಮ್ಮ. ಬೈಲಪ್ಪ ಈಸ್ ಮೈ ಹಸ್ಬೆಂಡ್. ಬೈಲಪ್ಪ ಈಸ್ ಇನ್ ಬಾಣಸವಾಡಿ."

ರೋಡೆಲ್ ಹಣೆ ಚಚ್ಚಿಕೊಂಡ. ಆಮೇಲೆ ನಗು, ಅದರ ಹಿಂದೆಯೇ ಚಪ್ಪಾಳೆ. ಅಷ್ಟೂ ಜನ ಸೇರಿ ಆಕೆಯ ಹೆಸರನ್ನು ಕೂಗಿದರು. ಒಬ್ಬರು ಅಂಜನಾಮಾ ಅಂದರು, ಇನ್ನೊಬ್ಬರು ಆನ್ಜನಮ್ ಅಂದರು. ಹೇಗಾದರೂ ಸರಿ, ಆಕೆಗೆ ಎಲ್ಲವೂ ಸೊಗಸಾಗಿ ಕೇಳಿಸಿತು.

ವೇದಿಕೆ ಇಳಿಯುವಷ್ಟರಲ್ಲಿ ಅಜ್ಜಿಯ ಮಾತು ನೆನಪಾಯಿತು. ಒಂದು ಸಲ ಹೇಳಿದ್ದರೆ ಹೋಗಲಿ, ಎರಡು ಸಲ ಹೇಳಿದ್ದಳು, ಅದೂ ಮೈಕಿನಲ್ಲಿ. ಹೊರಗೆ ಹಡಗಿನ ಅಂಚಿನ ಕಟಕಟೆಗೆ ಓಡಿಬಂದು ಮನೆಗೆ ಫೋನು ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ. ಎದುರಿಗೆ ಬೆಟ್ಟ, ಊರು, ದೋಣಿಗಳು, ಯಾವುದೂ ಕಣ್ಣಿಗೆ ಕಾಣಲಿಲ್ಲ. ದೇವರೇ, ಹೆಸರಿನ ಆಸೆಗೆ ಎಂಥ ಕೆಲಸ ಮಾಡಿಬಿಟ್ಟೆ ಎಂದು ಕಣ್ಣೊರೆಸಿಕೊಳ್ಳುತ್ತಾ ಮತ್ತೆ ಒತ್ತಿದಳು.

"ಏನು, ಹಡಗ್ ಮುಳುಗೋಯ್ತಾ?" ಅಂದಿತು ನಿದ್ದೆಗಣ್ಣಿನ ದನಿ.

"ಹೆಂಗಿದ್ದೀರಾ?"

"ಹೆಂಗಿರ್ಲಿ? ಇಲ್ಲಿ ಮಧ್ಯಾನ, ಉಂಡು ಮಲಗಿದ್ದೆ. ಹಂಸ ಮಾಡೋ ಮುದ್ದೆ ಬರೀ ಗಂಟು."

ಆಂಜನಮ್ಮ ಕಟಕಟೆಗೆ ಒರಗಿಕೊಂಡು ಉಸಿರು ಬಿಟ್ಟಳು. ಮುಚ್ಚಿಟ್ಟುಕೊಂಡು ಇರುವ ಜಾಯಮಾನ ಆಕೆಯದಲ್ಲ. "ನಿಮ್ ಹೆಸ್ರು ಹೇಳ್ಬುಟ್ಟೆ ಕಣ್ರೀ. ಎಲ್ರ ಮುಂದೆ."

ಬೈಗುಳ ಬರುತ್ತದೆ ಎಂದು ಕಾದಳು.

"ಹೆಂಗ್ ಹೇಳ್ದೆ?" ಅಂದ ಬೈಲಪ್ಪ.

"ನನ್ ಗಂಡ, ಬಾಣಸವಾಡೀಲಿ ಅವ್ರೆ ಅಂತ."

"ಅದಲ್ಲ. ಹೆಸ್ರು ಹೆಂಗ್ ಹೇಳ್ದೆ ಅಂತ. ಊರೋರೆಲ್ಲ ಕೇಳವ್ರೆ, ನಾನೇ ಕೇಳಿಲ್ವಲ್ಲ."

ಆಂಜನಮ್ಮ ಸುತ್ತ ನೋಡಿದಳು. ಸಭೆಯ ಮುಂದೆ ಬಾರದ ನಾಚಿಕೆ ಈಗ ಬಂತು. ಫೋನಿಗೆ ಸೆರಗು ಅಡ್ಡ ಹಿಡಿದು, ಮೆಲ್ಲಗೆ, "ಬೈಲಪ್ಪಾ," ಅಂದಳು.

"ಓ," ಅಂದ ಆತ. ಆಮೇಲೆ, "ಹೇಳು ಆಂಜನಮ್ಮ," ಅಂದ.