ಬಾಟ್ಲಿ ಸಾಲಿನ ಕಂಪೌಂಡರು

ಅವರ ಬಲಗೈ ಹೆಬ್ಬೆರಳು ಉಗುರಿನಿಂದ ಗೆಣ್ಣಿನವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ಕಜ್ಜಿಗೆ, ಬಾಯಿಹುಣ್ಣಿಗೆ ಹಚ್ಚುವ ನೇರಳೆ ಮದ್ದು ಎಷ್ಟೋ ವರ್ಷಗಳಿಂದ ಅಲ್ಲಿ ಇಳಿದು ಕೂತಿತ್ತು. ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಆ ಬೆರಳಿನಿಂದಲೇ ಬಾಟ್ಲಿಯ ಬಿರಡೆ ಒತ್ತುತ್ತಿದ್ದರು, ಅದರಿಂದಲೇ ಮೂಗಿಗೆ ನಶ್ಯ ಏರಿಸುತ್ತಿದ್ದರು. ಐವತ್ತರ ದಶಕದಲ್ಲಿ ಬೆಳ್ತಂಗಡಿ ಪೇಟೆಯ ಒಂದು ಸಣ್ಣ ಆಸ್ಪತ್ರೆಗೆ ಅವರು ಕಂಪೌಂಡರು. ನಾನು ಮೂಡಬಿದಿರೆಯಿಂದ, ಆ ಪೇಟೆಗೆ ಮೈಲುಗಟ್ಟಲೆ ದೂರದ ನೆರಿಯಕ್ಕೆ ಮದುವೆಯಾಗಿ ಬಂದವಳು.

ಆಗ ಮದ್ದಿಗೆ ಬಾಟ್ಲಿಯನ್ನು ಮನೆಯಿಂದಲೇ ಒಯ್ಯಬೇಕಿತ್ತು. ಡಾಕ್ಟರು ಒಬ್ಬರೇ. ಒಂಬತ್ತಕ್ಕೆ ಬಂದವರು ಹನ್ನೆರಡೂವರೆಗೆ ಎದ್ದರೆ ಮುಗಿಯಿತು. ಹಾಗಾಗಿ ಜನ ಜಗಲಿಯ ಗಿಡ್ಡ ಗೋಡೆಯ ಮೇಲೆ ತಮ್ಮ ಬಾಟ್ಲಿಯನ್ನು ಸಾಲಿಗೆ ನಿಲ್ಲಿಸಿ ಚಾ ಕುಡಿಯಲು ಹೋಗುತ್ತಿದ್ದರು. ಬಾಟ್ಲಿ ನಿಂತರೆ ಮನುಷ್ಯ ನಿಂತ ಹಾಗೆ. ಪಕ್ಕದ ಲಾಯಿಲದ ಜಾಣರು ಹಿಂದಿನ ಸಂಜೆಯೇ ಇಟ್ಟುಹೋಗುತ್ತಿದ್ದರು. ಮೈಲುಗಟ್ಟಲೆ ನಡೆದು ಬಂದ ಜ್ವರದವರು ಕೊನೆಯಲ್ಲಿ ನಿಂತು, ಡಾಕ್ಟರ ಬೆನ್ನು ನೋಡಿ ವಾಪಸಾಗುತ್ತಿದ್ದರು.

ಇದು ಕಂಪೌಂಡರಿಗೆ ತಡೆಯದ ಸಂಕಟ. "ರೋಗದಿಂದ ಸತ್ತರೆ ದೇವರ ಹೊಣೆ, ನಮ್ಮ ಜಗಲಿಯಲ್ಲಿ ಕೂತು ಸತ್ತರೆ ನನ್ನ ಹೊಣೆ" ಎನ್ನುತ್ತಿದ್ದರು. ಬೆಳಿಗ್ಗೆ ಬೇಗ ಬಂದು ಸಾಲಿನ ಒಂದೊಂದೇ ಬಾಟ್ಲಿ ಎತ್ತಿ ಮೂಸುವರು. "ಇದರಲ್ಲಿ ಚಿಮಿಣಿ ಎಣ್ಣೆ ಇತ್ತು, ತೊಳೆದು ತಾ ಮಾರಾಯ!" ಹಳೆಯ ಮದ್ದೇ ಸಾಕಾದವರನ್ನು ಬೇರೆ ಮಾಡಿ, ಡಾಕ್ಟರು ಬರುವ ಮೊದಲೇ ತುಂಬಿಸಿ ಕಳುಹಿಸುವರು. ಆಮೇಲೆ ಇನ್ನೂ ಒಂದು ಉಪಾಯ ಹೂಡಿದರು. ದೂರದವರು ಒಮ್ಮೆ ಡಾಕ್ಟರಿಗೆ ತೋರಿಸಿದ ಮೇಲೆ ಮತ್ತೆ ಬರಬೇಕಿಲ್ಲ. ಬಾಟ್ಲಿ, ಜತೆಗೊಂದು ಚೀಟಿ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟರೆ ಸಾಕು, ಸಂಜೆಯ ಬಸ್ಸಿಗೆ ಮದ್ದು ವಾಪಸು. ಜಗಲಿ ಅರ್ಧ ಖಾಲಿಯಾಯಿತು. ಊರೆಲ್ಲ ಅವರನ್ನು ಹೊಗಳಿತು.

ಆ ಉಪಾಯದಲ್ಲಿ ಸಿಕ್ಕಿಬಿದ್ದವಳು ನಾನು.

ಮದುವೆಯಾದ ಎರಡನೆಯ ವರ್ಷ ನನಗೆ ಕೆಮ್ಮು ಹಿಡಿಯಿತು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಬರುವವರು. ಅತ್ತೆ ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕೆಮ್ಮಿನ ಮದ್ದು ಕೊಟ್ಟು, ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಆ ವಾರದೊಳಗೆ ಸಂಜೆಯ ಜ್ವರ ಶುರುವಾಯಿತು, ಕಫದಲ್ಲಿ ಕೆಂಪು ಕಂಡಿತು. ಮನೆಯಲ್ಲಿ ಮದುವೆಗೆ ನಿಂತ ನಾದಿನಿ ಇದ್ದಳು. ಈ ಮನೆಯಲ್ಲಿ ಕ್ಷಯ ಉಂಟು ಎಂದು ಒಂದು ಬಾಯಿ ಆಡಿದರೆ ಅವಳ ಮದುವೆ ಮುರಿಯಿತು. ಮಾವ ಯೋಚಿಸಿ ನನ್ನನ್ನು ಹಿಂದಿನ ಕೋಣೆಗೆ ಹಾಕಿದರು. ಆಸ್ಪತ್ರೆಗೆ ಬಾಟ್ಲಿಯನ್ನು ಮಾತ್ರ ಕಳುಹಿಸಿದರು. "ಕೆಮ್ಮು ಕಡಿಮೆ ಉಂಟು, ಅದೇ ಮದ್ದು ಕೊಡಿ" ಎಂಬ ಚೀಟಿ ಅವರದೇ ಕೈಬರಹ.

ವಾರಕ್ಕೊಮ್ಮೆ ಬಾಟ್ಲಿ ಪೇಟೆ ನೋಡಿಕೊಂಡು ಬರುತ್ತಿತ್ತು. ನನಗೆ ಬಾವಿಕಟ್ಟೆಯೂ ಇಲ್ಲ. ಹುಡುಗಿ ನೋಡಲು ಯಾರಾದರೂ ಬಂದರೆ ಕೆಮ್ಮು ಹೊರಗೆ ಕೇಳದಂತೆ ದಿಂಬಿಗೆ ಬಾಯಿ ಒತ್ತಿ ಮಲಗಬೇಕಿತ್ತು. ತವರಿಗೆ ಬರೆದ ಕಾಗದ ಮಾವನ ಕೈ ದಾಟಿ ಹೋಗುತ್ತಿರಲಿಲ್ಲ. ಅಲ್ಲೇ ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಸಾಯುವ ಹೆದರಿಕೆಗಿಂತ ಆ ಬಾಟ್ಲಿಯ ಮೇಲಿನ ಸಿಟ್ಟೇ ಹೆಚ್ಚಾಗಿತ್ತು.

ಬಾಟ್ಲಿ ತೊಳೆದು ಚೀಲಕ್ಕೆ ಹಾಕಿ ಕಟ್ಟುವುದೊಂದು ನನ್ನ ಕೆಲಸ. ಒಂದು ವಾರ ನಾನು ಮದ್ದನ್ನು ಮುಟ್ಟಲಿಲ್ಲ. ಕಡು ಹಸಿರು ಗಾಜು, ಒಳಗಿದ್ದದ್ದು ಕಾಣುತ್ತಿರಲಿಲ್ಲ. ತುಂಬಿದ್ದ ಬಾಟ್ಲಿಯನ್ನು ಹಾಗೆಯೇ ಚೀಲಕ್ಕೆ ಇಳಿಸಿದೆ. ಮದ್ದು ಮುಗಿಯಿತು ಎಂಬ ಚೀಟಿಯನ್ನು ಮಾವ ಚೀಲದ ಮೇಲೆ ಸಿಕ್ಕಿಸಿದರು; ಆಳು ಬಸ್ಸಿಗೆ ಕೊಟ್ಟು ಬಂದ.

ಸಂಜೆ ಚೀಲ ಎಂದಿನಂತೆ ವಾಪಸು ಬಂತು. ಅದೇ ಬಾಟ್ಲಿ, ಎಷ್ಟೆಷ್ಟು ಕುಡಿಯಬೇಕೆಂದು ಗುರುತು ಮಾಡಿದ ಹೊಸ ಕಾಗದದ ಪಟ್ಟಿ, ಮಾತಿಲ್ಲ ಕತೆಯಿಲ್ಲ. ಆ ಮನುಷ್ಯನಿಗೂ ಗೊತ್ತಾಗಲಿಲ್ಲವಲ್ಲ ಎಂದು ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮೂರನೆಯ ದಿನ ಭಾನುವಾರ. ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ನಶ್ಯದ ಸೀನು ಕೇಳಿತು. ಮಾವ ನೀರು, ಬೆಲ್ಲ ಕೊಟ್ಟರು.

"ಧನಿಗಳೇ, ಸೊಸೆಯಮ್ಮನನ್ನು ಒಮ್ಮೆ ನೋಡಿ ಹೋಗುವ ಅಂತ ಬಂದೆ."

"ಮಲಗಿದ್ದಾಳೆ. ಕಡಿಮೆ ಉಂಟು ಅಂತ ಚೀಟಿ ಬರೆದಿದ್ದೆನಲ್ಲ ಕಂಪೌಂಡರೇ."

"ಚೀಟಿ ಬರೆಯುವುದು ನೀವು. ಕೆಮ್ಮುವುದು ಅವರು."

ತುಂಬಿದ ಬಾಟ್ಲಿಯ ವಿಷಯ ಅವರು ಎತ್ತಲೇ ಇಲ್ಲ. ಎತ್ತಿದ್ದರೆ ಅವರು ಹೋದ ಮೇಲೆ ನನ್ನ ಗತಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ನಾನು ದಿಂಬನ್ನು ಆಚೆ ದೂಡಿ, ತಿಂಗಳಿನಿಂದ ಕಟ್ಟಿಟ್ಟಿದ್ದ ಕೆಮ್ಮನ್ನು ಬಿಟ್ಟೆ. ಬೇಕೆಂದೇ, ಗಟ್ಟಿಯಾಗಿ ಕೆಮ್ಮಿದೆ.

ಆಮೇಲೆ ಕಂಪೌಂಡರ ಮಾತು ಕೇಳಿತು: "ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕಳುಹಿಸ್ತೇನೆ ಅಂತ ನೀವು ಹೇಳುವವರೆಗೆ ನಾನು ಇಲ್ಲೇ ಕೂತಿರ್ತೇನೆ. ಜನರನ್ನು ಕಾಯಿಸಿ ಅಭ್ಯಾಸ ಉಂಟು, ಒಂದು ದಿನ ನಾನೂ ಕಾಯ್ತೇನೆ."

ಕೂತೇಬಿಟ್ಟರು. ದಾರಿಯಲ್ಲಿ ಹೋಗುವವರೆಲ್ಲ, "ಏನು ಕಂಪೌಂಡರೇ, ಯಾರಿಗೆ ಹುಷಾರಿಲ್ಲ?" ಎಂದು ಕೇಳತೊಡಗಿದರು. ಅವರು ಯಾರಿಗೂ ಉತ್ತರ ಕೊಡದೆ ನಶ್ಯದ ಡಬ್ಬಿ ತಿರುಗಿಸುತ್ತ ಇದ್ದರು. ಐದನೆಯವನು ಕೇಳಿ ಹೋದ ಮೇಲೆ ಮಾವ ಒಪ್ಪಿದರು.

ಮರುದಿನ ಕಂಪೌಂಡರು ನನ್ನನ್ನು ಸಾಲಿನಲ್ಲಿ ನಿಲ್ಲಿಸದೆ ನೇರ ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಎದೆ ನೋಡಿದರು. ಒಂದು ಶ್ವಾಸಕೋಶ ಕೆಟ್ಟಿದೆ, ಇನ್ನೊಂದು ಉಳಿದಿದೆ ಎಂದರು. ಮಂಗಳೂರಿನ ಕ್ಷಯದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾಗಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಅಷ್ಟರವರೆಗೆ ಸೂಜಿಮದ್ದು ತಪ್ಪದಂತೆ ನೋಡಿಕೊಂಡವರು ಕಂಪೌಂಡರೇ. ನಾದಿನಿಯ ಮದುವೆಯೂ ಆಯಿತು ಅನ್ನಿ, ಯಾವುದೂ ಮುರಿಯಲಿಲ್ಲ.

ಮೊದಲ ಸೂಜಿ ಚುಚ್ಚಿದ ದಿನ ಅವರು ನನ್ನ ಮುಖ ನೋಡದೆ ಹೇಳಿದರು: "ಜಗಲಿ ಖಾಲಿ ಆಯಿತು ಅಂತ ದೊಡ್ಡ ಹೆಮ್ಮೆಪಟ್ಟೆ. ಬರಲಿಕ್ಕೆ ಆಗದೆ ಮನೆಯೊಳಗೆ ಕಾಯುವವರು ಇದ್ದಾರೆ ಅಂತ ಹೊಳೆಯಲೇ ಇಲ್ಲ. ತಪ್ಪು ನನ್ನದಮ್ಮ. ಕ್ಷಮಿಸಬೇಕು."

ನನಗೆ ಅನ್ಯಾಯ ಮಾಡಿದವರು ಬೇರೆ ಇದ್ದರು, ಅವರಲ್ಲಿ ಒಬ್ಬರೂ ಆ ಮಾತು ಆಡಿದವರಲ್ಲ.

ಮುಂದಿನ ವಾರದಿಂದ ಹೊಸ ಕಟ್ಟಳೆ: ಎರಡು ಸಲ ಬಾಟ್ಲಿ ಬರಬಹುದು, ಮೂರನೆಯ ಸಲ ಜತೆಗೆ ಮನುಷ್ಯನೂ ಬರಬೇಕು. ಜಗಲಿ ಮತ್ತೆ ತುಂಬಿತು. ಹೊಗಳಿದ ಬಾಯಿಗಳೇ ಬೈದವು. "ಬೈಯಲಿ, ಬೈಯುವವರು ಎದುರಿಗಾದರೂ ಉಂಟಲ್ಲ" ಎಂದು ಅವರು ನಗುತ್ತಿದ್ದರಂತೆ.

ಕೆಲಸ ಬಿಟ್ಟ ಮೇಲೆ ಅವರು ಬಂಟ್ವಾಳದ ಆಚೆ ನರಿಕೊಂಬಿನಲ್ಲಿ, ಮಗಳ ಮನೆಯಲ್ಲಿದ್ದರು. ಅರವತ್ತರ ದಶಕದ ಒಂದು ಬೆಳಿಗ್ಗೆ ಅವರು ತೀರಿಹೋದ ಸುದ್ದಿ ನೆರೆಮನೆಯವರ ಬಾಯಿಂದ ಬಂತು. ನಾನು ಸೀರೆ ಬದಲಿಸಿದೆ.

"ಎಲ್ಲಿಗೆ?" ಎಂದರು ಅತ್ತೆ. "ಅವರು ನಮಗೆ ಏನಾಗಬೇಕು? ಕೇಳಿದ್ದೀಯಾ ಮಾವನನ್ನು?"

ಆ ಮನೆಗೆ ಬಂದು ಹತ್ತು ವರ್ಷ ದಾಟಿತ್ತು, ಕೇಳದೆ ಹೊಸಿಲು ದಾಟಿದವಳಲ್ಲ. ಅಂದು ಕೇಳಲಿಲ್ಲ. ಉಳಿದ ಒಂದೇ ಶ್ವಾಸಕೋಶದಲ್ಲಿ ಏದುಸಿರು ಬಿಡುತ್ತ ಏರುದಾರಿ ಹತ್ತಿ ರಸ್ತೆಗೆ ಬಂದು, ಬಸ್ಸಿಗೆ ಕೈ ತೋರಿಸಿದೆ.