ಮಾರ್ತವ್ವನ ಅಡ್ಡಹೆಸರು

ಪಾಲಾರಿವಟ್ಟಂನ ನನ್ನ ಫ್ಲ್ಯಾಟಿನಲ್ಲಿ ಮರಗೆಣಸು ಬೇಯುವಾಗ ಅದರ ಮಣ್ಣಿನಂಥ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ತಿರುವನಂತಪುರದ ಶ್ರೀಕಾರ್ಯಂನ ಆ ಬಾಡಿಗೆ ಮನೆಗೆ ಹೋಗಿಬಿಡುತ್ತೇನೆ. ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಕೆಂಪು ಗಾರೆಯ ತಣ್ಣನೆಯ ನೆಲ, ಹಿತ್ತಲಿನ ಹಲಸಿನ ಮರ, ಅದರ ಬುಡದಲ್ಲೊಂದು ಒಗೆಯುವ ಕಲ್ಲು. ಧಾರವಾಡದ ಕಡೆಯಿಂದ ಬಂದ ಅಪ್ಪನಿಗೆ ಅಲ್ಲಿನ ಗೆಡ್ಡೆ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ನೌಕರಿ. ಅವ್ವ, ಅಣ್ಣ ಮೌನೇಶ, ನಾನು, ಮತ್ತೆ ಅಪ್ಪನ ತಾಯಿ ಕಾಳವ್ವಜ್ಜಿ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ನಾವಿಬ್ಬರೂ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆವು. ತಿಳಿಯದಿದ್ದರೂ ಅವಳು ತಲೆಯಾಡಿಸಿ ನಗುತ್ತಿದ್ದಳು.

ನಮ್ಮ ಅಡ್ಡಹೆಸರು ಕಮ್ಮಾರ. ಶಾಲೆಯಲ್ಲಿ ಅದು ಯಾರ ನಾಲಿಗೆಗೂ ಒಗ್ಗಲಿಲ್ಲ. “ಕುಮಾರ್ ಅಲ್ಲೇ ಮೋಳೇ?”, ಕುಮಾರ್ ತಾನೇ ಮಗಳೇ, ಎಂದು ನನ್ನನ್ನು ಕೇಳಿದ ಟೀಚರ್ ಆಮೇಲೂ ಹಾಗೆಯೇ ಕರೆದರು. ಅದರ ಅರ್ಥ ಹೇಗೋ ತಿಳಿದುಕೊಂಡ ಹುಡುಗರು ಅಣ್ಣನನ್ನು ತಮ್ಮ ಭಾಷೆಯಲ್ಲಿ ‘ಕೊಲ್ಲನ್’, ಕಮ್ಮಾರ, ಎಂದು ಅಣಕಿಸಿ, ಸುತ್ತಿಗೆ ಹೊಡೆಯುವಂತೆ ಕೈ ಬೀಸುತ್ತಿದ್ದರು. ಅವನು ಅತ್ತುಕೊಂಡು ಮನೆಗೆ ಬಂದ ಮೇಲೆ, ಇಬ್ಬರಿಗೂ ಕುಮಾರ್ ಎಂದೇ ಕಾಯಂ ಮಾಡಿಸಿಬಿಡೋಣವೆಂದು ಅಪ್ಪ ನಿಶ್ಚಯಿಸಿದರು. “ಹುಡುಗರಿಗೆ ಹಗುರ ಆಗ್ತದ, ಬಿಡಬೇ ಯವ್ವಾ,” ಎಂದರು. ಅಜ್ಜಿ ಎದ್ದು ಹಿತ್ತಲಿಗೆ ಹೋದಳು. ಆ ದಿನ ಊಟಕ್ಕೆ ಕರೆದರೂ ಬರಲಿಲ್ಲ.

ಆಗಲೇ ನಮ್ಮ ಮಾಳಿಗೆಯ ಮೇಲಿನ ಕೋಣೆಗೆ ಮಾರ್ತಾ ಆಂಟಿ ಬಾಡಿಗೆಗೆ ಬಂದದ್ದು. ಸ್ಲೊವೇನಿಯಾ ದೇಶದವರು, ಅರವತ್ತರ ಆಸುಪಾಸು. ಮರಗೆಣಸಿನ ರೋಗಗಳನ್ನು ಅಧ್ಯಯನ ಮಾಡಲು ಅಪ್ಪನ ಕೇಂದ್ರಕ್ಕೆ ಬಂದವರು. ಅಜ್ಜಿ ಅವರನ್ನು ಮೊದಲ ವಾರದಲ್ಲೇ ಮಾರ್ತವ್ವ ಮಾಡಿಬಿಟ್ಟಳು. ಒಂದು ಸಂಜೆ ಬೇಯಿಸಿದ ಗೆಣಸನ್ನು ತಟ್ಟೆಗೆ ಹಾಕಿಕೊಡುತ್ತಾ, “ನಿಮ್ಮ ಅಡ್ಡಹೆಸರೇನವ್ವಾ?” ಎಂದು ಕೇಳಿದಳು. ಅಪ್ಪ ಇಂಗ್ಲಿಷಿಗೆ ತಿರುಗಿಸಿದರು. ಕೊವಾಚಿಚ್, ಎಂದರು ಆಂಟಿ. ಅವರ ಭಾಷೆಯಲ್ಲಿ ‘ಕೊವಾಚ್’ ಎಂದರೆ ಕಬ್ಬಿಣ ಬಡಿಯುವವನು. ‘ಇಚ್’ ಸೇರಿದರೆ ಅವನ ಮಗ. ಕೊವಾಚೆಕ್, ಕೊವಾಚೆವಿಚ್ ಎಂದೂ ಇದ್ದಾರಂತೆ, ಎಲ್ಲ ಒಂದೇ ಬೇರಿನವರು. ಅಪ್ಪ ಅದನ್ನು ಕನ್ನಡದಲ್ಲಿ ಹೇಳಲು ತುಸು ತಡವರಿಸಿದರು. ಹೇಳಿದ್ದೇ ತಡ, ಅಜ್ಜಿ ತಟ್ಟೆ ಕೆಳಗಿಟ್ಟು ಅವರ ಎರಡೂ ಕೈ ಹಿಡಿದುಕೊಂಡಳು. “ಅಯ್ಯ, ಹಂಗಾರ ಇಕಿನೂ ನಮ್ಮಾಕಿನ! ನಿಮ್ಮಪ್ಪ ಕುಲುಮಿ ಹಾಕಿದ್ದನೇನವ್ವಾ?”

ತಾತನ ಕಾಲಕ್ಕೇ ಕುಲುಮೆ ಮುಚ್ಚಿತ್ತು, ಉಳಿದದ್ದು ಹೆಸರು, ಎಂದರು ಆಂಟಿ. ಆಮೇಲೆ ನಿಧಾನವಾಗಿ ಉಳಿದದ್ದನ್ನೂ ಹೇಳಿದರು. ಅವರ ಸೀಮೆ ಇಟಲಿಯ ಕೈಗೆ ಹೋದಾಗ ಅಲ್ಲಿನವರ ಹೆಸರುಗಳನ್ನೆಲ್ಲ ಬದಲಿಸಿದರಂತೆ. ಅವರ ಅಪ್ಪ, ಚಿಕ್ಕಪ್ಪ ಆಗ ಶಾಲೆಯ ಹುಡುಗರು. ಇಬ್ಬರೂ ಫಾಬ್ರಿ ಆದರು. ಅರ್ಥ ಅದೇ, ಭಾಷೆ ಮಾತ್ರ ಆಳುವವರದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಅಪ್ಪ ಹಳೆಯ ಹೆಸರಿಗೆ ಮರಳಿದರು. ಗಡಿಯಾಚೆ ಇಟಲಿಯಲ್ಲೇ ಸಂಸಾರ ಹೂಡಿದ್ದ ಚಿಕ್ಕಪ್ಪನಿಗೆ ಅದು ಆಗಲಿಲ್ಲ. “ಹೇಡಿ ಅಂತ ಅಪ್ಪ ಅವನನ್ನು ಬೈಯುತ್ತಿದ್ದ. ಅವನಿಗೆ ಮಕ್ಕಳ ಚಿಂತೆ ಇತ್ತು, ಅಷ್ಟೇ,” ಎಂದು ಆಂಟಿ ನಮ್ಮಣ್ಣನ ತಲೆ ಸವರಿದರು.

ಅಜ್ಜಿ ಅಣ್ಣನ ತಟ್ಟೆಗೆ ಇನ್ನೊಂದು ತುಂಡು ಗೆಣಸು ಹಾಕಿ, “ಅವಂಗ ಯಾವುದು ಹಗುರ ಅನಸ್ತದೋ ಅದನ್ನ ಇಟ್ಕೊಳ್ಳಿ ತಗೋ,” ಎಂದಳು. ಮರುದಿನ ಅಪ್ಪ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದರು. ನಾನು ಕಮ್ಮಾರ ಎಂದೆ. ಅಣ್ಣ ತಲೆ ತಗ್ಗಿಸಿ ಕುಮಾರ್ ಎಂದ. ಯಾರೂ ಅವನನ್ನು ಏನೂ ಅನ್ನಲಿಲ್ಲ. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಹೆಸರು.

ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಮರಳಿ ಹೋಗಿ ನೋಡಲು ಏನೂ ಉಳಿದಿರುವುದಿಲ್ಲ. ಮಾರ್ತಾ ಆಂಟಿ ವರ್ಷ ತುಂಬುವ ಮೊದಲೇ ಊರಿಗೆ ಮರಳಿದರು. ಕ್ರಿಸ್‌ಮಸ್ಸಿಗೆ ಬರುತ್ತಿದ್ದ ಅವರ ಫೋನು ಎಂದೋ ನಿಂತಿತು. ಆ ಮನೆಯನ್ನೂ ಹಲಸಿನ ಮರವನ್ನೂ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದ್ದಾರೆ. ಅಣ್ಣ ಇಲ್ಲೇ ಹತ್ತಿರದ ತೃಪ್ಪೂಣಿತ್ತುರದಲ್ಲಿದ್ದಾನೆ, ಇಂದಿಗೂ ಮೌನೇಶ್ ಕುಮಾರ್. ಆದರೆ ಅಜ್ಜಿ ತೀರಿಕೊಂಡ ದಿನ, ಚಿತಾಗಾರದ ಗುಮಾಸ್ತ ಅಣ್ಣನ ಹೆಸರು ನೋಡಿ ಅವಳನ್ನು ಕಾಳವ್ವ ಕುಮಾರ್ ಎಂದು ಬರೆದುಕೊಳ್ಳುತ್ತಿದ್ದಾಗ, ನಾನು ಬಾಯಿ ತೆರೆಯುವ ಮುನ್ನವೇ ಅಣ್ಣ ಮುಂದೆ ಬಾಗಿದ. “ಕುಮಾರ್ ಅಲ್ಲ ಚೇಟ್ಟಾ, ಕಮ್ಮಾರ,” ಎಂದು ಗುಮಾಸ್ತನಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಆ ಹೆಸರು ಅವನ ಬಾಯಲ್ಲಿ ಅಷ್ಟು ಸ್ಪಷ್ಟವಾಗಿ ಬಂದದ್ದನ್ನು ಕೇಳಲು ಅಜ್ಜಿ ಇರಲಿಲ್ಲ.